ಸೀಟಿನ ಕೆಳಗಿನ ತಂತಿ

“ದೀಪ ಉರೀತಿದೆ, ಬ್ಯಾಟರಿ ನೆಟ್ಟಗಿದೆ, ಇನ್ನೇನು ಬೇಕಂತೆ ಇದಕ್ಕೆ?”

ಯಾರನ್ನೂ ಕೇಳಿದ್ದಲ್ಲ. ಅವಳು ಮತ್ತೆ ಕೀಲಿ ತಿರುಗಿಸಿದಳು. ತೋಟದ ಪುಟ್ಟ ಹಳೇ ಟ್ರಾಕ್ಟರ್ ಟಕ್ ಎಂದು ಸುಮ್ಮನಾಯಿತು. ಹಿಂದೆ ಕಟ್ಟಿದ ಗಾಡಿಯಲ್ಲಿ ಗಂಡನ ಶವಪೆಟ್ಟಿಗೆ. ತನ್ನನ್ನು ಇದರಲ್ಲೇ ಒಯ್ಯಬೇಕು, ಅವಳೇ ಓಡಿಸಬೇಕು ಎಂದು ಮಾತು ತೆಗೆದುಕೊಂಡು ಕಣ್ಣು ಮುಚ್ಚಿದ್ದ. ಬಾಗಿಲಲ್ಲಿ ಜನ ಕಾಲು ಬದಲಿಸುತ್ತ ನಿಂತಿದ್ದರು.

“ಊರವರ ಎಂಜಿನ್ನೆಲ್ಲ ಎಬ್ಬಿಸ್ದೋನು,” ಎಂದಳು ಪಕ್ಕದ ಮನೆಯಾಕೆ. “ಅವನಿಗೇ ಹೊರಡೋಕೆ ಮನಸ್ಸಿಲ್ವೇನೋ.”

ಮೈದುನ ಹಗ್ಗ ಹಿಡಿದು ಬಂದ. “ಸರೀರಿ ಅತ್ತಿಗೆ, ಎಂಜಿನ್ ಚಕ್ರಕ್ಕೆ ಸುತ್ತಿ ಎಳೆದು ಎಬ್ಬಿಸ್ಬಿಡ್ತೀನಿ.”

“ಹಗ್ಗ ಬೇಡ.”

“ಹಾಗಾದ್ರೆ ವ್ಯಾನ್ ಕರೆಸ್ಲಾ? ಎಷ್ಟು ಹೊತ್ತು ಅಂತ ಕಾಯ್ತಾರೆ ಜನ?”

“ತಡಿಯೋ ಸ್ವಲ್ಪ.”

*

ಮದುವೆಯಾದ ಹೊಸತರಲ್ಲಿ ಟ್ರಾಕ್ಟರ್ ಎಬ್ಬಿಸಲು ಹಗ್ಗವೇ ಗತಿ. ಅವನಿಲ್ಲದಾಗೊಮ್ಮೆ ಅವಳು ಹಗ್ಗದ ತುದಿಯನ್ನು ಅಂಗೈಗೆ ಸುತ್ತಿಕೊಂಡು ಎಳೆದಳು. ಎಂಜಿನ್ ಹಿಂದಕ್ಕೆ ಒದೆಯಿತು. ಹಗ್ಗದ ಜೊತೆ ಕೈಯೂ ಹೋಯಿತು. ಮಣಿಕಟ್ಟು ಮುರಿಯಿತು.

ಅವನು ಬೈಯಲಿಲ್ಲ. ಯಾವುದೋ ಹಳೇ ಕಾರಿನ ಸ್ಟಾರ್ಟರ್ ಮೋಟಾರು ತಂದು, ಹಲ್ಲುಚಕ್ರ ಕೂರಿಸಿ, ಕೀಲಿಯನ್ನು ಅವಳ ಕೈಗಿಟ್ಟ. “ಇನ್ನು ಹಗ್ಗ ಮುಟ್ಬೇಡ. ತಿರುಗಿಸು, ಸಾಕು.”

ಅಲ್ಲಿಂದಾಚೆ ಅದು ಕೈಕೊಟ್ಟದ್ದೇ ಇಲ್ಲ. ದಿನಾ ಅವಳು ತೋಟಕ್ಕೆ ಹೊರಡುವ ಮುಂಚೆ ಮಾತ್ರ ಅವನ ತಲೆ ಸೀಟಿನ ಕೆಳಗಿರುತ್ತಿತ್ತು.

“ಅಲ್ಲೇನು ಇಲಿ ಹಿಡೀತಿದೀರಾ? ಬಿಸಿಲೇರ್ತು.”

“ಇಗೋ, ಆಯ್ತು.”

*

ಅವಳು ಇಳಿದು ಸೀಟು ಎತ್ತಿದಳು. ಬ್ಯಾಟರಿಯಿಂದ ಬಂದ ಕಪ್ಪು ತಂತಿಯೊಂದು ಟ್ರಾಕ್ಟರಿನ ಮೈಗೆ ಕಚ್ಚಿಕೊಂಡಿತ್ತು. ಅವನು ಹಾಸಿಗೆ ಹಿಡಿದ ಮೇಲೆ ಅದರ ಬುಡದಲ್ಲಿ ಹಸಿರು ಕಿಲುಬು ಕೂತಿತ್ತು. ಪಕ್ಕದಲ್ಲೇ ಒಂದು ಸ್ಪ್ಯಾನರು, ಮಡಿಸಿ ಮಡಿಸಿ ಸವೆದ ಉಪ್ಪು ಕಾಗದ.

ಅವಳು ಕಾಗದ ಬಿಡಿಸಿದಳು; ಮಡಿಕೆಗಳಲ್ಲೆಲ್ಲ ಹಳೇ ಹಸಿರು ಪುಡಿ.

“ಅತ್ತಿಗೆ, ಬಟ್ಟೆಯೆಲ್ಲ ಮಸಿಯಾಗುತ್ತೆ.”

“ಆಗ್ಲಿ.”

ನಟ್ಟು ಸಡಿಲಿಸಿ, ಲೋಹ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿದಳು. ಕೀಲಿ ತಿರುಗಿತು. ಎಂಜಿನ್ ಕೆಮ್ಮಿತು, ಎದ್ದಿತು. ಜನ ದಾರಿ ಬಿಟ್ಟರು.

ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಿ ಗುಂಡಿಯ ಅಂಚಿಗೆ ಒಯ್ದರು. ಪ್ರಾರ್ಥನೆ ಹೇಳುವ ಮುದುಕ ಪುಸ್ತಕ ಬಿಡಿಸಿ, ಅವಳ ಕಡೆ ನೋಡಿ ಕಾದ. ಅವಳು ಸೀಟು ಬಿಟ್ಟು ಇಳಿದಿರಲಿಲ್ಲ. ಎಂಜಿನ್ ಡಬಡಬ ಎನ್ನುತ್ತಲೇ ಇತ್ತು.

ಮೈದುನ ಓಡಿ ಬಂದು ಬಗ್ಗಿದ. “ಆಫ್ ಮಾಡಿ ಅತ್ತಿಗೆ. ಅವರು ಹೇಳೋದು ಯಾರಿಗೂ ಕೇಳಿಸಲ್ಲ.”

ಹಸಿರು ಪುಡಿ ಮೆತ್ತಿದ ಬೆರಳುಗಳು ಕೀಲಿಯನ್ನು ಮುಚ್ಚಿ ಹಿಡಿದಿದ್ದವು.

“ಮಾಡಲ್ಲ.”