ಹಿಂದಕ್ಕೆ ಹೋದ ಚೆಂಡು

ಅಶ್ವಥನ ಗಂಟಲಲ್ಲಿ ಗಂಟಿತ್ತು, ಕೈಯಲ್ಲಿ ಇನ್ನೊಂದೇ ಗಂಟೆ ಹೊತ್ತಿತ್ತು. ಸಂಜೆ ಬಸ್ಸಿಗೆ ಬೆಂಗಳೂರು, ಬೆಳಗ್ಗೆ ಆಪರೇಷನ್. ಆಮೇಲೆ ದನಿ ಉಳಿಯುತ್ತದೆಂದು ಹೇಳಲಾರೆ ಎಂದಿದ್ದರು ಡಾಕ್ಟರು. ರಾಮನಗರದ ಗಣಪತಿ ಪೆಂಡಾಲುಗಳಲ್ಲಿ ಮಂತ್ರಿಯಿಂದ ಮೇಕೆಯವರೆಗೆ ಎಲ್ಲರಂತೆ ಮಾತಾಡಿದವನು ಈಗ ತನ್ನಂತೆ ಮಾತಾಡಲೂ ತಿಣುಕುತ್ತಿದ್ದ.

ಹೆಂಡತಿ ಭಾನುಪ್ರಿಯಳಿಗೆ ಏಳು ತಿಂಗಳು. ಹುಟ್ಟುವ ಮಗು ಅಪ್ಪನ ದನಿಗಳನ್ನು ಕೇಳಲೇಬೇಕೆಂದು ಹಟ ಹಿಡಿದು, ಹಳೆಯ ಕಪ್ಪು-ಬಿಳುಪು ಕಾರ್ಟೂನೊಂದಕ್ಕೆ ಅವನು ಕನ್ನಡ ಮಾತು ಕೂರಿಸುತ್ತಿದ್ದ. ಕರಡಿಗಳಿಗೂ ಮೊಲಗಳಿಗೂ ಬೇಸ್‌ಬಾಲ್ ಪಂದ್ಯ. ಚೆಂಡು ಅರ್ಧ ದಾರಿಯಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತದೆ, ಬ್ಯಾಟು ಹೆದರಿ ಬಾಗುತ್ತದೆ. ರೆಕಾರ್ಡಿಂಗಿನಲ್ಲಿ ಸದ್ದು ಸೇರದಿರಲೆಂದು ಪಕ್ಕದ ಮನೆಯ ವಹಾಬ್ ಸಾಬರು ತಮ್ಮ ರೇಷ್ಮೆ ನೂಲು ತೆಗೆಯುವ ಮಿಷನ್ ನಿಲ್ಲಿಸಿದ್ದರು.

ಕೊನೆಯ ಮಾತು ಮುಗಿಯುವಾಗ ಅವರು ಬಾಗಿಲಿಗೆ ಬಂದು ನಿಂತರು. “ಆಯ್ತೇನಪ್ಪಾ? ಬಿಸಿನೀರಲ್ಲಿ ರೇಷ್ಮೆಗೂಡು ಬೆಂದೋಯ್ತವೆ.”

“ಆಯ್ತು ಸಾಬ್ರೆ. ಒಸಿ ನೋಡಿ,” ಎಂದು ಭಾನುಪ್ರಿಯ ಮೊಬೈಲು ಹಿಡಿದಳು.

ಮೊಲದ ಬ್ಯಾಟಿಗೆ ತಾಗಿದ ಚೆಂಡು ಅದರ ತಲೆಯ ಮೇಲಿಂದ ಹಿಂದಕ್ಕೆ ಹಾರಿ, ನೆಲಕ್ಕೆ ಪುಟಿದು ಬೇಲಿ ದಾಟಿತು. ಫೋರ್ ಎಂದು ಅಶ್ವಥನ ಕಾಮೆಂಟರಿ ಬೊಬ್ಬೆಯಿಟ್ಟಿತು. ಇಡೀ ಗ್ಯಾಲರಿ, ಅದೂ ಅವನೇ, ಸಿಳ್ಳೆ ಹೊಡೆಯಿತು.

“ನಿನ್ ಜನ ಕುಣೀತಾವ್ರೆ, ಮೊಲ ಯಾಕೆ ಮೊಕ ಇಳಿಬುಟ್ಕೊಂಡೈತೆ?” ಎಂದರು ವಹಾಬ್ ಸಾಬರು. “ಓಡ್ತಾನೂ ಇಲ್ವಲ್ಲಪ್ಪ. ಅಂಪೈರು ಕೈಯಾಡ್ಸಿ ಬ್ಯಾಡ ಬ್ಯಾಡ ಅಂತಾವ್ನೆ.”

ಅಶ್ವಥ ನೋಡಿದ. ತಾನು ಆಡಿ ಬೆಳೆದ ಕ್ರಿಕೆಟ್ಟಿನಲ್ಲಿ ಕೀಪರ್ ಹಿಂದೆ ಹೋದ ಚೆಂಡು ಫೋರೇ. ಈ ಬೇಸ್‌ಬಾಲಿನಲ್ಲಿ ಅದಕ್ಕೆ ಬೆಲೆಯೇ ಇಲ್ಲ, ಮತ್ತೆ ಎಸೆಯಬೇಕು. ಮೊಬೈಲು ಕಿತ್ತುಕೊಂಡು, ತಿದ್ದಿ ಹೇಳಲು ಬಾಯಿ ತೆರೆದ. ಮೊಲದ ದನಿ ಬರಲಿಲ್ಲ. ಕರಡಿಯದೂ ಬರಲಿಲ್ಲ. ಬಿಸಿನೀರು ಕುಡಿದು ಇನ್ನೊಮ್ಮೆ ತೆರೆದ. ಬರೀ ಗಾಳಿ.

“ಬುಟ್ಬುಡಿ ರೀ. ಮಗೀಗೇನ್ ಗೊತ್ತಾಯ್ತದೆ,” ಎಂದಳು ಭಾನುಪ್ರಿಯ.

ಅವನು ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ. “ತಪ್ಪಾಟ ಕಲ್ತ್‌ಬುಡ್ತದೆ.” ನಗಲು ಹೋದವನ ಕಣ್ಣು ತುಂಬಿತ್ತು.

“ಐದ್ ನಿಮಿಷ ಕಾಯ್ತೀನಿ. ಒಂದ್ ಬಾಣಲೆ ಗೂಡು ಹೋದ್ರೆ ಹೋಗ್ಲಿ,” ಎಂದು ವಹಾಬ್ ಸಾಬರು ಹೊರಟರು.

ತಮಾಷೆಗೂ ಯಾರನ್ನೂ ಅಣಕಿಸದ ಭಾನುಪ್ರಿಯ, ಸಿಳ್ಳೆ ಮುಗಿದ ಜಾಗಕ್ಕೆ ಚಿತ್ರ ತಂದು ರೆಕಾರ್ಡ್ ಗುಂಡಿ ಒತ್ತಿದಳು. ಅಂಪೈರ್ ಬಾಯಿ ತೆರೆದಾಗ ನಲ್ಲಿಯ ಹತ್ತಿರ ಗದರುವ ತನ್ನದೇ ದನಿಯಲ್ಲಿ ಮಾತಾಡಿದಳು: “ಯಾಕ್ರಪ್ಪಾ ಸಿಳ್ಳೆ? ಹಿಂದಕ್ಕೋದ್ರೆ ಲೆಕ್ಕಿಲ್ಲ ಕಣ್ರಪ್ಪ. ಮೊಲಪ್ಪಾ, ಬ್ಯಾಟ್ ಎತ್ಕೊ. ಕರಡಿ, ಇನ್ನೊಂದ್ ಹಾಕು.”

ಕರಡಿ ಕೈ ಬೀಸಿತು. ಅವಳು ಮೊಬೈಲನ್ನು ಅಶ್ವಥನ ತುಟಿಗೆ ಹಿಡಿದಳು. ಉಳಿದಿದ್ದ ಉಸಿರನ್ನೆಲ್ಲ ಅವನು ಹೊರಬಿಟ್ಟ. ಸುಯ್ ಎಂದು ಚೆಂಡು ಬಂತು. ಅಷ್ಟರಲ್ಲೇ ಪಕ್ಕದ ಮನೆಯ ಮಿಷನ್ ಶುರುವಾಯಿತು.

ಉಸಿರು ರೆಕಾರ್ಡ್ ಆಯಿತೋ, ಮಿಷನ್ ಸದ್ದಿನಲ್ಲಿ ಮುಳುಗಿತೋ, ಹಾಕಿ ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಬಸ್ಸು ಬಿಡದಿ ದಾಟಿದರೂ ಅವಳು ಮೊಬೈಲನ್ನು ಮುಷ್ಟಿಯಲ್ಲೇ ಹಿಡಿದಿದ್ದಳು.