ಬೆನ್ನ ಹಿಂದೆ ಕಟ್ಟಿದ ಕೈ

ಲೈಲ್ ಎಲ್ಲಿಂಗ್‌ಸನ್ ಒಂದೇ ತೋರುಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದ. ಚರ್ಚಿನ ಆಫೀಸಿನ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಹನ್ನೊಂದಕ್ಕೆ ಅವನ ಹೆಂಡತಿ ಆರ್ಡಿಸಳ ಅಂತ್ಯಕ್ರಿಯೆ. ಬಂದವರಿಗೆ ಹಂಚುವ ನಾಲ್ಕು ಪುಟದ ಹಾಳೆಯಲ್ಲಿ ಮೂರು ಪುಟ ಸಿದ್ಧವಾಗಿದ್ದವು: ಫೋಟೋ, ಹಾಡುಗಳು, ಆಮೇಲೆ ನೆಲಮಾಳಿಗೆಯಲ್ಲಿ ಊಟವಿದೆ ಎಂಬ ಸೂಚನೆ. ತೀರಿಕೊಂಡವರ ಬದುಕಿನ ಬಗ್ಗೆ ಮನೆಯವರು ಬರೆಯಬೇಕಾದ ಪುಟ ಮಾತ್ರ ಖಾಲಿ ಇತ್ತು. ಪಾದ್ರಿ ಎಲ್ಲರ ಮುಂದೆ ಓದುವುದು ಅದನ್ನೇ.

ಅವನ ಹಿಂದೆ ಆರ್ಡಿಸಳ ಅಕ್ಕ ವರ್ನಾ ನಿಂತಿದ್ದಳು. ನಲವತ್ತು ವರ್ಷ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಅವಳ ಕೈಚೀಲದಲ್ಲಿ ಅಚ್ಚುಕಟ್ಟಾಗಿ ಟೈಪಾದ ಒಂದು ಪುಟ ಆಗಲೇ ಇತ್ತು. ಹುಟ್ಟಿದ ದಿನ, ದೀಕ್ಷಾಸ್ನಾನ, ಮದುವೆ, ನೌಕರಿ, ಮಹಿಳಾ ಸಂಘದಲ್ಲಿ ಎರಡು ಸಲ ಕಾರ್ಯದರ್ಶಿ. ಒಂದು ತಪ್ಪೂ ಇರಲಿಲ್ಲ.

"ಜೋಲೀನ್, ಇದನ್ನೇ ಹಾಕಿಬಿಡಮ್ಮ," ಎಂದಳು ವರ್ನಾ, ಪಕ್ಕದಲ್ಲಿದ್ದ ಚರ್ಚಿನ ಕಾರ್ಯದರ್ಶಿಗೆ. "ಇವನು ಮುಗಿಸೋ ಹೊತ್ತಿಗೆ ನನ್ನ ಸರದೀನೂ ಬಂದಿರುತ್ತೆ."

ಲೈಲ್ ಕುರ್ಚಿಯಲ್ಲೇ ತಿರುಗಿದ. "ನಾ... ನಾನೇ ಬ..."

"ಬರೀತೀನಿ ಅಂತಾನೆ," ವರ್ನಾ ಮುಗಿಸಿದಳು.

ಲೈಲನಿಗೆ ಮಾತು ಉಗ್ಗುತ್ತಿತ್ತು. ಊರಿನ ಜನ ಒಳ್ಳೆಯವರು, ಅದೇ ತೊಂದರೆ. ಅವನು ಒದ್ದಾಡುವುದನ್ನು ನೋಡಲಾಗದೆ, ಮೊದಲಕ್ಷರ ಹೊರಟ ಕೂಡಲೇ ಉಳಿದದ್ದನ್ನು ತಾವೇ ಹೇಳಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಅವನು ಹೇಳಹೊರಟದ್ದು ಅದಲ್ಲದಿದ್ದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಒಮ್ಮೆ ಗ್ಯಾರೇಜಿನ ಬಾಗಿಲಿಗೆ ಬಿಳಿ ಬಣ್ಣ ಕೇಳಲು ಹೋಗಿ, ಅಂಗಡಿಯವನು ಊಹಿಸಿದ ನೀಲಿ ಡಬ್ಬಿ ಹೊತ್ತುಕೊಂಡು ಬಂದಿದ್ದ. ಆ ಬಾಗಿಲು ಇವತ್ತಿಗೂ ನೀಲಿಯೇ. ಧಾನ್ಯದ ಗೋದಾಮಿನಲ್ಲಿ ಗೋಧಿ ಲಾರಿ ತೂಗುತ್ತ ಮೂವತ್ತೆಂಟು ವರ್ಷ ಕಳೆದ. ತಕ್ಕಡಿಗೆ ಮಾತು ಬೇಕಿರಲಿಲ್ಲ.

ಜೋಲೀನಳಿಗೂ ಕೈ ತುರಿಸುತ್ತಿತ್ತು. ಅವನು ಹೇಳಿದರೆ ಐದು ನಿಮಿಷದಲ್ಲಿ ಟೈಪ್ ಮಾಡಿ ಮುಗಿಸಬಹುದಿತ್ತು. ಹಾಗೆಂದು ಬೆಳಿಗ್ಗೆಯೇ ಕೇಳಿದ್ದಳು. ಲೈಲ್ ತಲೆಯಲ್ಲಾಡಿಸಿ ಕುರ್ಚಿ ಎಳೆದುಕೊಂಡಿದ್ದ. ಈಗ ಕೀಬೋರ್ಡಿನ ಕಡೆ ತಾನಾಗಿಯೇ ಚಾಚಿದ ಕೈಯನ್ನು ಅವಳು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡಳು.

*

ಜೋಲೀನಳಿಗೆ ಆಗ ಏಳು ವರ್ಷ. ಶಾಲೆಯ ಕಂಪ್ಯೂಟರ್ ಕೋಣೆ ಬಾಯ್ಲರಿನ ಪಕ್ಕದಲ್ಲಿತ್ತು, ಚಳಿಗಾಲದಲ್ಲಿ ಇಡೀ ಶಾಲೆಗೆ ಬೆಚ್ಚಗಿನ ಜಾಗ ಅದೊಂದೇ. ಎರಡನೇ ತರಗತಿಯ ಮಕ್ಕಳಿಗೆ ಅಲ್ಲಿ ಮಿಸೆಸ್ ಎಲ್ಲಿಂಗ್‌ಸನ್, ಅಂದರೆ ಆರ್ಡಿಸ್, ಟೈಪ್ ಮಾಡುವುದು, ತಿದ್ದುವುದು, ಹೆಸರು ಕೊಟ್ಟು ಉಳಿಸಿಡುವುದು ಕಲಿಸುತ್ತಿದ್ದಳು. ಅವಳಿಗೆ ಎರಡೇ ನಿಯಮ. ಏನಾದರೂ ಎಡವಟ್ಟಾದರೆ ಮಗು ಎರಡೂ ಕೈ ತಲೆಯ ಮೇಲಿಟ್ಟು ಕೂರಬೇಕು, ಏನನ್ನೂ ಮುಟ್ಟಬಾರದು. ಮಗುವಿನ ಕೀಬೋರ್ಡನ್ನು ಟೀಚರ್ ಯಾವತ್ತೂ ಮುಟ್ಟಬಾರದು. ಅದಕ್ಕೇ ಅವಳು ಸಾಲುಗಳ ನಡುವೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡುತ್ತಿದ್ದಳು. ಕೈಕಟ್ಟಿ ನಿಂತದ್ದಕ್ಕೂ ಸಂಬಳ ಕೊಡುವ ಶಾಲೆ ಇದೊಂದೇ ಎಂದು ವರ್ನಾ ಊರೆಲ್ಲ ಆಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಜೋಲೀನ್ ತನ್ನ ಕರುವಿನ ಬಗ್ಗೆ ಹನ್ನೊಂದು ಸಾಲು ಬರೆದಿದ್ದಳು. ಏನು ಒತ್ತಿದಳೋ, ಸಾಲೆಲ್ಲ ನೀಲಿಯಾಗಿ, ಮರುಕ್ಷಣ ಮಾಯವಾಗಿ, ಒಂದೇ ಒಂದು ಅಕ್ಷರ ಉಳಿಯಿತು. ಕೈ ತಲೆಯ ಮೇಲಿಟ್ಟು ಅಳತೊಡಗಿದಳು. ಅಷ್ಟರಲ್ಲಿ ಕೊನೆಯ ಗಂಟೆಯೂ ಹೊಡೆಯಿತು.

ಟೀಚರ್ ಬಂದು ಬಗ್ಗಿ ನೋಡಿದಳು. "ಆಮೇಲೆ ಏನೂ ಮುಟ್ಟಿಲ್ಲ ತಾನೆ?"

"ಇಲ್ಲ."

"ಹಾಗಿದ್ರೆ ಎಲ್ಲೂ ಹೋಗಿಲ್ಲ. ತರಿಸ್ಕೋಬಹುದು."

ನೀವೇ ತರಿಸಿ ಎಂದು ಜೋಲೀನ್ ಗೋಗರೆದಳು. ಬಸ್ಸು ಹೊರಡುತ್ತದೆ ಎಂದಳು.

"ಬಸ್ಸು ಕಾಯುತ್ತೆ, ನಾನು ಹೇಳಿ ಕಳಿಸ್ತೀನಿ. ಎಡಗಡೆ ಕೆಳಗಿನ ಮೂಲೇಲಿ ಕಂಟ್ರೋಲ್ ಅಂತ ಒಂದು ಕೀ ಇದೆ, ಹುಡುಕು. ಅದನ್ನ ಹಿಡ್ಕೊಂಡೇ ಝಡ್ ಒತ್ತು, ಅಳಿಸಿದ್ದು ವಾಪಸ್ ಬರುತ್ತೆ."

ಅದನ್ನು ಒತ್ತಿ ಹಿಡಿದು ಝಡ್ ಹುಡುಕುವಷ್ಟರಲ್ಲಿ ಹೊರಗೆ ಬಸ್ಸು ಎರಡು ಸಲ ಹಾರ್ನ್ ಹಾಕಿತು. ಕರು ವಾಪಸ್ಸು ಬಂತು, ಹನ್ನೊಂದು ಸಾಲೂ ಬಂದವು. ಹೊರಡುವಾಗ ಟೀಚರ್ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಬೆನ್ನ ಹಿಂದೆ ಅವಳ ಒಂದು ಕೈ ಇನ್ನೊಂದನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಬೆರಳುಗಳು ಬಿಳಿಚಿದ್ದವು. ಸುಮ್ಮನೆ ನಿಲ್ಲುವುದು ಅಷ್ಟು ಕಷ್ಟದ ಕೆಲಸವೆಂದು ಜೋಲೀನಳಿಗೆ ಆವತ್ತು ಗೊತ್ತಾಯಿತು.

*

ಹತ್ತೂವರೆಗೆ ಹೊರಗೆ ಕಾರುಗಳು ಬರತೊಡಗಿದವು. ಕೆಳಗಿನಿಂದ ಹ್ಯಾಮ್ ಮತ್ತು ಕಾಫಿಯ ವಾಸನೆ ಮೇಲೇರಿತು. ಲೈಲ್ ಐದು ಸಾಲು ಮುಗಿಸಿದ್ದ. ಆರನೆಯದರ ನಡುವೆ ಅವನ ಬೆರಳು ಎಲ್ಲೋ ತಗಲಿತು. ಪರದೆ ಖಾಲಿಯಾಯಿತು.

"ಹೋಯ್ತು," ಎಂದಳು ವರ್ನಾ. ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ದಣಿವಿತ್ತು. "ಸಾಕು ಬಿಡು ಲೈಲ್. ನಂದನ್ನೇ ಹಾಕಿಸೋಣ." ಕೈಚೀಲದ ಕೊಂಡಿ ತೆಗೆದಳು.

ಲೈಲ್ ಎರಡೂ ಕೈ ಎತ್ತಿ ತಲೆಯ ಮೇಲಿಟ್ಟುಕೊಂಡ. ಕಪ್ಪು ಕೋಟು ತೊಟ್ಟ ಎಪ್ಪತ್ತಾರು ವರ್ಷದ ಮುದುಕ ಹಾಗೆ ಅಲ್ಲಾಡದೆ ಕುಳಿತಿದ್ದ. ಈ ಚಳಿಗಾಲದಲ್ಲಿ, ಕಾಯಿಲೆ ಹಾಸಿಗೆ ಹಿಡಿಸುವ ಮೊದಲು, ಆರ್ಡಿಸ್ ಅಡುಗೆಮನೆಯ ಮೇಜಿನ ಬಳಿ ಕೂರಿಸಿಕೊಂಡು ಇವನಿಗೂ ಅದೇ ಪಾಠ ಹೇಳಿಕೊಟ್ಟಿರಬೇಕೆಂದು ಜೋಲೀನಳಿಗೆ ಈಗ ಹೊಳೆಯಿತು. ಜೋಲೀನ್ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಆಮೇಲೆ ಏನೂ ಮುಟ್ಟಿಲ್ಲ ತಾನೆ, ಲೈಲ್?"

ಅವನು ಇಲ್ಲವೆಂದು ತಲೆಯಾಡಿಸಿದ.

"ಹಾಗಿದ್ರೆ ಎಲ್ಲೂ ಹೋಗಿಲ್ಲ. ಎಡಗಡೆ ಕೆಳಗಿನ ಮೂಲೆ, ನೋಡಿ."

ಒಂದು ಕೈ ಇಳಿಸಿದ, ಆಮೇಲೆ ಇನ್ನೊಂದು. ಝಡ್ ಹುಡುಕಲು ಒಂದು ನಿಮಿಷ ಹಿಡಿಯಿತು. ವರ್ನಾ ಎರಡು ಸಲ ಮುಂದೆ ಬಾಗಿದಳು. ಜೋಲೀನ್ ಅಡ್ಡ ನಿಂತಳು. ಸಾಲುಗಳು ಹಿಂತಿರುಗಿದವು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಪಾದ್ರಿ ಬಾಗಿಲಲ್ಲಿ ಇಣುಕಿದ. ಹತ್ತು ನಿಮಿಷ ಹೆಚ್ಚು ಬೇಕೆಂದು ಜೋಲೀನ್ ಹೇಳಿ ಕಳಿಸಿದಳು. ಆ ಊರಿನಲ್ಲಿ ಅಂತ್ಯಕ್ರಿಯೆ ತಡವಾದದ್ದು ಅದೇ ಮೊದಲು.

"ಮು..." ಎಂದ ಲೈಲ್.

ವರ್ನಾಳ ತುಟಿ ತೆರೆಯಿತು. ಜೋಲೀನ್ ಅವಳನ್ನೇ ನೋಡಿದಳು. ತುಟಿ ಮುಚ್ಚಿತು.

"ಮು... ಮುಗೀತು."

*

ಪಾದ್ರಿ ಓದಿದ್ದು ಇಷ್ಟೇ:

"ಆರ್ಡಿಸ್ ನನ್ನ ಹೆಂಡತಿ. ಇಪ್ಪತ್ತಾರು ವರ್ಷ ಈ ಊರಿನ ಮಕ್ಕಳಿಗೆ ಟೈಪ್ ಮಾಡುವುದು ಕಲಿಸಿದಳು. ಅವಳು ಎಲ್ಲ ಕೆಲಸದಲ್ಲೂ ಚುರುಕು. ಆದರೂ ನಲವತ್ತೊಂಬತ್ತು ವರ್ಷದಲ್ಲಿ ನನ್ನ ಒಂದು ಮಾತನ್ನೂ ಅವಳು ಮುಗಿಸಲಿಲ್ಲ. ನಾನು ಮುಗಿಸುವವರೆಗೆ ಕಾದಳು. ಮದುವೆಯಾಗುತ್ತೀಯಾ ಎಂದು ಕೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಕಾಫಿ ಆರಿಹೋಯಿತು."

ಲೈಲನ ಮಾತುಗಳನ್ನು ಒಂದಲ್ಲ ಒಂದು ದಿನ ಮುಗಿಸಿದವರೇ ಬೆಂಚುಗಳಲ್ಲಿ ತುಂಬಿದ್ದರು. ಬಣ್ಣದ ಅಂಗಡಿಯವನು ಹಾಳೆಯನ್ನು ಮಡಿಸುತ್ತ, ಬಿಚ್ಚುತ್ತ ಕುಳಿತಿದ್ದ. ವರ್ನಾ ತನ್ನ ಕೈಚೀಲವನ್ನು ತೆರೆಯಲಿಲ್ಲ.

ಸ್ಮಶಾನದಲ್ಲಿ ಏಪ್ರಿಲ್ ಗಾಳಿ ಜೋರಾಗಿತ್ತು, ಬಯಲಿನಲ್ಲಿ ಅದನ್ನು ತಡೆಯಲು ಒಂದು ಮರವೂ ಇರಲಿಲ್ಲ. ಪ್ರಾರ್ಥನೆ ಮುಗಿದು ಜನ ಕಾರುಗಳ ಕಡೆ ತಿರುಗುವಷ್ಟರಲ್ಲಿ ಲೈಲ್ ಗುಂಡಿಯ ಅಂಚಿಗೆ ಹೋಗಿ ನಿಂತ. ಏನೋ ಹೇಳಬೇಕಿತ್ತು ಅವನಿಗೆ.

"ಆ..." ಎಂದ.

ಯಾವ ಹೆಸರೆಂದು ಎಲ್ಲರಿಗೂ ಗೊತ್ತಿತ್ತು. ತಿರುಗಿದವರು ಅಲ್ಲಲ್ಲೇ ನಿಂತರು. ಶವದ ಕಾರಿನ ಚಾಲಕ ಗಡಿಯಾರ ನೋಡಿಕೊಂಡ. ಲೈಲನ ಗದ್ದ ನಡುಗಿತು, ಕತ್ತಿನ ನರ ಉಬ್ಬಿತು.

"ಆ..."

ಅವನಿಂದ ಒಂದು ಹೆಜ್ಜೆ ಹಿಂದೆ ವರ್ನಾ ಹಲ್ಲು ಕಚ್ಚಿ ನಿಂತಿದ್ದಳು. ಅವಳ ಕೈಗಳು ಬೆನ್ನ ಹಿಂದೆ ಇದ್ದವು. ಕಪ್ಪು ಕೈಗವಸಿನ ಒಂದು ಕೈ ಇನ್ನೊಂದರ ಮಣಿಕಟ್ಟನ್ನು, ಬಿಟ್ಟರೆ ಓಡಿಹೋಗುತ್ತದೆಯೋ ಎಂಬಂತೆ, ಗಟ್ಟಿಯಾಗಿ ಹಿಡಿದುಕೊಂಡಿತ್ತು.