ಹತ್ತನೇ ಗ್ರಹದ ಹೆಣ್ಣಿನ ಮುಖ

ನನ್ನನ್ನು ಕೈಗೆತ್ತಿಕೊಳ್ಳಿ, ಆದರೆ ಅಲ್ಲಾಡಿಸಬೇಡಿ. ವಯಸ್ಸಾಗಿದೆ, ಒಳಗೆಲ್ಲ ಸಡಿಲ. ನಾನೊಂದು ವಿಡಿಯೋ ಕ್ಯಾಸೆಟ್. ಈಗಿನ ಮಕ್ಕಳು ನನ್ನನ್ನು ಕಂಡು ಇದೇನು ಟಿಫಿನ್ ಡಬ್ಬಿಯೇ ಎಂದು ಕೇಳುತ್ತವೆ. ಕೇಳಲಿ ಬಿಡಿ. ಒಂದು ಕಾಲದಲ್ಲಿ ನನ್ನನ್ನು ನೋಡಿದ ರಾತ್ರಿ ಗದಗಿನ ಗಟ್ಟಿಮುಟ್ಟಾದ ಗಂಡಸರೇ ಹಿತ್ತಲಿಗೆ ಹೋಗಲು ಜೊತೆ ಕರೆಯುತ್ತಿದ್ದರು.

ಹುಟ್ಟಿದ್ದು ಎಂಬತ್ತೇಳನೇ ಇಸವಿಯಲ್ಲಿ, ಬೆಂಗಳೂರಿನ ಒಂದು ಮಹಡಿ ಕೋಣೆಯಲ್ಲಿ. ಅಲ್ಲಿ ಇಪ್ಪತ್ತು ಯಂತ್ರಗಳು ಸಾಲಾಗಿ ಕೂತಿದ್ದವು. ಒಂದರಲ್ಲಿ ಸಿನಿಮಾ ಓಡುತ್ತಿತ್ತು, ಉಳಿದ ಹತ್ತೊಂಬತ್ತರಲ್ಲಿ ನಾವು ಖಾಲಿ ಹೊಟ್ಟೆಯವರು ಅದನ್ನು ಕುಡಿಯುತ್ತಿದ್ದೆವು. ಯಾರಿಗೆ ಯಾವ ಸಿನಿಮಾ ಎಂಬುದು ಹಣೆಬರಹ. ನಮ್ಮ ಹಿಂದಿನ ತಂಡಕ್ಕೆ ದೇವರ ಚಿತ್ರ ಬಂತು, ಎಲ್ಲಿ ಹೋದರೂ ಊದಿನಕಡ್ಡಿ ಹಚ್ಚಿಸಿಕೊಂಡು ಬದುಕಿದರು. ನನಗೆ ಬಂದದ್ದು 'ಹತ್ತನೇ ಗ್ರಹದ ಹೆಣ್ಣು'.

ಹನ್ನೊಂದೇ ದಿನದಲ್ಲಿ ತೆಗೆದ ಚಿತ್ರವಂತೆ. ನೋಡಿದರೆ ಗೊತ್ತಾಗುತ್ತದೆ. ಹಾರುವ ತಟ್ಟೆ ಎಂದರೆ ಬಾಯಿಗೆ ಬಾಯಿ ಕೂಡಿಸಿದ ಎರಡು ಅಲ್ಯೂಮಿನಿಯಂ ಬೋಗುಣಿ, ಅದನ್ನು ಇಳಿಬಿಟ್ಟ ದಾರ ಕಾಣುತ್ತದೆ. ಹತ್ತನೇ ಗ್ರಹದ ಹೆಣ್ಣಿಗೆ ಹಸಿರು ಪ್ಲಾಸ್ಟರಿನ ಮುಖವಾಡ, ರಬ್ಬರಿನ ಕೈ, ಬೆನ್ನ ಮೇಲೆ ಒಂದು ಜಿಪ್. ಒಂದೂವರೆ ಗಂಟೆ ಆಕೆ ಊರವರನ್ನು ಅಟ್ಟಾಡಿಸುತ್ತಾಳೆ. ಕೊನೆಗೆ, ತನ್ನನ್ನು ಪ್ರಯೋಗಕ್ಕೆ ಬಲಿಕೊಟ್ಟ ಡಾಕ್ಟರನ ಎದುರು ನಿಂತು ಮುಖವಾಡ ಕಳಚುತ್ತಾಳೆ. ಅಷ್ಟು ಹೊತ್ತು ಹಸಿರು ಪ್ಲಾಸ್ಟರ್ ನೋಡಿ ಸೋತ ಕಣ್ಣಿಗೆ ಥಟ್ಟನೆ ಒಂದು ಹೆಣ್ಣುಮಗಳ ಮುಖ. ಏಳೆಂಟು ಸೆಕೆಂಡು, ಒಂದು ಮಾತು, ಅಲ್ಲಿಗೆ ಮುಗಿಯಿತು. ಬೋಗುಣಿ ಕೊಟ್ಟ ಪಾತ್ರೆ ಅಂಗಡಿಯವನ ಹೆಸರು ಟೈಟಲ್ಲಿನಲ್ಲಿದೆ. ಆ ಹೆಣ್ಣುಮಗಳ ಹೆಸರು ಇಲ್ಲ.

ನನ್ನನ್ನು ಕೊಂಡವರು ಗದಗಿನ ಇಮಾಮಸಾಬ ನದಾಫ್, ಸ್ಟೇಷನ್ ರಸ್ತೆಯಲ್ಲಿ ವಿಡಿಯೋ ಲೈಬ್ರರಿ ಇಟ್ಟವರು. ಒಳ್ಳೆಯ ಮನುಷ್ಯ. ಕ್ಯಾಸೆಟ್ಟಿನ ಹಿಂಬದಿಯ ಪ್ಲಾಸ್ಟಿಕ್ ಚೂರನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಬಂದ ದಿನವೇ ಅದನ್ನು ಮುರಿದು ನನ್ನ ಜೀವ ಉಳಿಸಿದರು. ನನ್ನ ಜೊತೆ ಹುಟ್ಟಿದವರಲ್ಲಿ ಎಷ್ಟೋ ಮಂದಿಯ ಮೇಲೆ ಯಾರ್‍ಯಾರದೋ ಮದುವೆ, ಕ್ರಿಕೆಟ್ ಮ್ಯಾಚು ಬಿದ್ದು ಹತ್ತನೇ ಗ್ರಹ ಅಳಿಸಿಹೋಯಿತು.

ನಾನು ಮನೆಮನೆಗೂ ಹೋದೆ. ಎಲ್ಲ ಮನೆಯಲ್ಲೂ ಒಂದೇ ಕತೆ. ಮುಖವಾಡ ಕಳಚಿದ ಕೂಡಲೇ ಯಾರಾದರೊಬ್ಬರು ಎದ್ದು ಪಾಜ್ ಒತ್ತುತ್ತಿದ್ದರು. ಆ ಮುಖ ಪರದೆಯ ಮೇಲೆ ನಡುಗುತ್ತ ನಿಲ್ಲುತ್ತಿತ್ತು, ಇಡೀ ಓಣಿ ಬಾಯಿ ತೆರೆದು ನೋಡುತ್ತಿತ್ತು. ನನಗೋ, ಕೊಂಬು ಮೂಡಿತ್ತು. ಆ ಮುಖವನ್ನು ಹಡೆದವನು ನಾನೇ ಎಂಬ ಹಾಗೆ ಬೀಗುತ್ತಿದ್ದೆ. ಪಾಜ್ ಎಂದರೆ ಎಲ್ಲವೂ ನಿಂತಿತೆಂದು ನೀವು ತಿಳಿದಿರಬಹುದು. ನಿಲ್ಲುವುದು ನಾನೊಬ್ಬ. ಯಂತ್ರದೊಳಗಿನ ಲೋಹದ ಉರುಳೆ ಗಿರಗಿರ ತಿರುಗುತ್ತಲೇ ಇರುತ್ತದೆ, ನಿಂತ ನನ್ನ ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಹತ್ತು ವರ್ಷ ಉಜ್ಜಿತು. ಜನ ಮೆಚ್ಚಿ ಮೆಚ್ಚಿ ಆ ಮುಖವನ್ನು ಕೆರೆದುಹಾಕಿದರು, ನಾನು ಹಿಗ್ಗುತ್ತ ಮೈಯೊಡ್ಡಿದೆ. ಕೊನೆಕೊನೆಗೆ ಆ ಜಾಗದಲ್ಲಿ ಬಿಳಿ ಚುಕ್ಕೆಗಳ ಗಲಾಟೆ ಬಿಟ್ಟರೆ ಏನೂ ಉಳಿಯಲಿಲ್ಲ. ಅಷ್ಟರಲ್ಲಿ ಕೇಬಲ್ ಬಂದು ಜನ ನನ್ನನ್ನು ಕೇಳುವುದನ್ನೇ ಬಿಟ್ಟಿದ್ದರು, ಹೀಗಾಗಿ ಇದು ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದವನು ನಾನೊಬ್ಬನೇ.

ಹಾಗೆ ಪಾಜ್ ಒತ್ತಿದವರಲ್ಲಿ ಅತಿ ಹೆಚ್ಚು ಹೊತ್ತು ನೋಡಿದವನು ಮೌನೇಶ ಪತ್ತಾರ. ಸರಾಫ್ ಕಟ್ಟೆಯ ಅಕ್ಕಸಾಲಿಗ, ಆಗ ಇಪ್ಪತ್ತೆರಡರ ಹುಡುಗ. ನನ್ನನ್ನು ಹನ್ನೊಂದು ಸಲ ಒಯ್ದಿದ್ದ. ಲೈಬ್ರರಿ ಮುಚ್ಚಿದಾಗ ಇಮಾಮಸಾಬರ ಬಳಿಯಿದ್ದ ದೆವ್ವ, ರಾಕ್ಷಸ, ರಾಕೆಟ್ಟಿನ ಕ್ಯಾಸೆಟ್ಟುಗಳನ್ನೆಲ್ಲ ಎರಡು ಗೋಣಿಚೀಲದಲ್ಲಿ ತುಂಬಿಕೊಂಡು ಹೋದ. ಅಷ್ಟು ಹೊತ್ತಿಗೆ ಸೋರುವ ಮಾಳಿಗೆಯ ಕೆಳಗೆ ನಾಲ್ಕು ಮಳೆಗಾಲ ಕಳೆದು ನನ್ನ ಮೈಗೆ ಬೂಷ್ಟು ಹತ್ತಿತ್ತು. ಅವನು ನನ್ನ ಮೈಮೇಲಿನ ಗಾಜಿನಂಥ ಕಿಟಕಿಯೊಳಗಿಂದ ಬಿಳಿ ಬೂಷ್ಟು ಕಂಡು ನನ್ನನ್ನು ಯಂತ್ರಕ್ಕೆ ಹಾಕಲೇ ಇಲ್ಲ. ಮೊದಲು ವಾಸಿ ಮಾಡುತ್ತೇನೆ, ಆಮೇಲೆ ನೋಡುತ್ತೇನೆ ಎಂದು ಎತ್ತಿಟ್ಟ.

ಅವನ ಮನೆಯ ಕಬ್ಬಿಣದ ಕಪಾಟಿನಲ್ಲಿ ನಾವು ಆರುನೂರು ಜನ. ಹೊರದೇಶದವರೂ ಇದ್ದರು. ಊರು ನುಂಗುವ ರಬ್ಬರ್ ಹಲ್ಲಿ, ಲಾರಿಯಷ್ಟು ದೊಡ್ಡ ಇರುವೆ, ತಗಡಿನ ಅಂಗಿ ತೊಟ್ಟ ಮಂಗಳ ಗ್ರಹದವರು. ಎಲ್ಲರೂ ಬಡವರ ಮನೆಯ ಭೂತಗಳೇ. ಮೌನೇಶನಿಗೆ ಹಾಗಿದ್ದರೇ ಇಷ್ಟ. ರಾಕ್ಷಸನ ಬೆನ್ನಿನ ಜಿಪ್ ಕಂಡರೆ ಜನ ನಗುತ್ತಾರೆ, ಅವನು ಮಾತ್ರ ಅದನ್ನು ಬೆರಳಿಟ್ಟು ತೋರಿಸಿ, ಇದನ್ನು ಯಾರೋ ಕೂತು ಹೊಲಿದಿದ್ದಾರೆ ನೋಡ್ರಿ ಎನ್ನುತ್ತಿದ್ದ. ಕಪಾಟಿಗೆ ಹೆಂಡತಿ ಕಾಳಮ್ಮ ಕೂಡ ಕೈ ಹಚ್ಚುವಂತಿರಲಿಲ್ಲ. ಯಾರಿಗೂ ಎರವಲು ಇಲ್ಲ. ನಮ್ಮ ಚಿತ್ರದ ನೆಗೆಟಿವ್ ಎಂದೋ ಹಾಳಾಗಿತ್ತು. ತನ್ನಂಥ ಹುಚ್ಚರಿಗೆಲ್ಲ ಕಾಗದ ಬರೆದು ವಿಚಾರಿಸಿದ. ಯಾರ ಬಳಿಯೂ ಇನ್ನೊಂದು ಪ್ರತಿ ಇರಲಿಲ್ಲ. ಲೋಕಕ್ಕೆಲ್ಲ ನಾನೊಬ್ಬನೇ ಎಂದು ಖಾತ್ರಿಯಾದ ದಿನ ನನ್ನನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿದ. ನನಗೆ ಸಂತೋಷವಾಗಬೇಕಿತ್ತು, ಆದದ್ದು ಹೆದರಿಕೆ.

ಹೀಗೆ ಹನ್ನೆರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆ ಬಂದಳು. ಅರವತ್ತು ದಾಟಿದ ಹೆಂಗಸು, ತಲೆ ತುಂಬ ಸೆರಗು, ಹೆಗಲಿಗೊಂದು ಬಟ್ಟೆಯ ಚೀಲ. ಇಮಾಮಸಾಬರು ಇಲ್ಲಿಗೆ ಕಳಿಸಿದರು ಎಂದಳು. ಹೆಸರು ಚಂಪಾಬಾಯಿ ಕೆರೂರ, ನಾಟಕ ಕಂಪನಿಗಳಲ್ಲಿ ಪಾತ್ರ ಮಾಡಿದವಳು, ಈಗ ಬೆಟಗೇರಿಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾಳೆ. ಮೌನೇಶ ಮಣೆಯಿಂದ ಎದ್ದೇ ನಿಂತ. ಚಹರೆ ಎಷ್ಟೋ ಬದಲಾಗಿದ್ದರೂ ಅವನಿಗೆ ಆ ಮುಖ ಮರೆಯುವುದುಂಟೇ?

ಆಕೆ ಕತೆಯನ್ನು ನಿಂತೇ ಹೇಳಿದಳು. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದ್ದಾಳೆ, ಎರಡು ಸಲ ತಿರುಗಿ ಬಂದಿದೆ. ಕಂಪನಿಗಳು ಮುಚ್ಚಿವೆ, ಮಾಲೀಕರು ಸತ್ತಿದ್ದಾರೆ, ಫೋಟೋ, ಹ್ಯಾಂಡ್‌ಬಿಲ್ಲು ಎಲ್ಲ ಇದ್ದ ಟ್ರಂಕು ಮಲಪ್ರಭೆ ಉಕ್ಕಿದ ವರ್ಷ ಹೋಯಿತು. ಪುರಾವೆ ಎನ್ನುವಂಥದ್ದು ಉಳಿದಿದ್ದರೆ ಆ ಒಂದು ಸಿನಿಮಾ. ಬರುವ ಸೋಮವಾರ ಸಂದರ್ಶನ, ಇದೇ ಕೊನೆಯದು.

"ನಲವತ್ತ ವರ್ಷ ಬಣ್ಣಾ ಹಚ್ಚೀನಿ ತಮ್ಮಾ," ಎಂದಳು. "ಹಂಗಂತ ಯಾರ ಬೇಕಾದ್ರೂ ಹೇಳಬಹುದು ಅಂದ್ರು ಅಲ್ಲಿ. ರೊಕ್ಕಾ ಕೊಡಲಿ ಬಿಡಲಿ, ಆ ಮಾತು ನುಂಗಾಕ ಆಗವಲ್ದು."

ಮೌನೇಶ ರೇಷ್ಮೆ ಬಟ್ಟೆ ಬಿಚ್ಚಿ ನನ್ನನ್ನು ಆಕೆಯ ಕೈಯಲ್ಲಿಟ್ಟ. "ನಿಮ್ಮ ಮುಖಾ ಇದ್ರಾಗ ಐತ್ರಿ ಅಕ್ಕಾರ, ಕಣ್ಣಾರೆ ನೋಡೀನಿ. ಆದ್ರ ಬೂಷ್ಟು ಹಿಡದೈತಿ. ಓಡಿದ್ರ ಒಂದ ಸಲ ಓಡತೈತಿ. ಮನ್ಯಾಗ ನೋಡೂದು ಬ್ಯಾಡ, ಅವರ ಮುಂದನ ಹಾಕೂಣು."

ಆಕೆ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಅಯ್ಯೋ, ಆ ಹೊತ್ತಿನಲ್ಲಿ ನನಗೊಂದು ಬಾಯಿ ಇರಬೇಕಿತ್ತು. ತಾಯಿ, ನನ್ನಲ್ಲಿ ನಿನ್ನ ಮುಖವಿಲ್ಲ, ನನ್ನನ್ನು ನಂಬಿ ಹೋಗಬೇಡ ಎಂದು ಕೂಗಬೇಕಿತ್ತು. ಗಂಟೆಗಟ್ಟಲೆ ಮಾತಾಡುವ ನಾನು ಒಂದು ಮಾತನ್ನೂ ನನ್ನದಾಗಿ ಆಡಲಾರೆ.

ಆ ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ಯಂತ್ರ ಎಳೆದರೆ ಹರಿದೀತು ಎಂದು ಮೌನೇಶ ಮುಚ್ಚಳ ಎತ್ತಿ, ಕಿರುಬೆರಳಿನಿಂದ ಚಕ್ರ ತಿರುಗಿಸುತ್ತ, ಮೆತ್ತನೆಯ ಬಟ್ಟೆಯಲ್ಲಿ ಬೂಷ್ಟು ಒರೆಸುತ್ತ, ನನ್ನನ್ನು ಸುತ್ತತೊಡಗಿದ. ಚಿನ್ನದ ಕೆಲಸ ಬದಿಗಿಟ್ಟು ದಿನವೆಲ್ಲ ಅದೇ. ಕೊನೆಯ ದೃಶ್ಯಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಬೇಕು, ಯಂತ್ರದಲ್ಲಿ ಆದಷ್ಟು ಕಡಿಮೆ ಓಡಬೇಕು ಎಂಬುದು ಅವನ ಲೆಕ್ಕ. ಶನಿವಾರದ ಹೊತ್ತಿಗೆ ಆ ಜಾಗದ ಹತ್ತಿರ ಹತ್ತಿರ ಬಂದ. ಇನ್ನೆರಡು ಮೊಳ ಸುತ್ತಿದ್ದರೆ ಸವೆದದ್ದು ಬೆರಳಿಗೇ ಗೊತ್ತಾಗುತ್ತಿತ್ತು. ಸುತ್ತು, ಇನ್ನೂ ಸುತ್ತು ಎಂದು ಬೇಡಿಕೊಂಡೆ. ಸಾಕು ಎಂದು ಮುಚ್ಚಳ ಮುಚ್ಚಿದ.

ಕಾಳಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೆಂಡತಿ ಧೂಳು ಒರೆಸಿದರೂ ಮೂರು ದಿನ ಮಾತು ಬಿಡುವ ಮನುಷ್ಯ ನೀವು, ಅಲ್ಲಿ ಹರಿದು ಚೂರಾದರೆ ಏನು ಮಾಡ್ತೀರಿ ಎಂದು ಕೇಳಿದಳು. ಅವನು ನನ್ನನ್ನು ಮತ್ತೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ.

ಸೋಮವಾರ ಹನ್ನೊಂದು ಗಂಟೆಗೆ ಕಚೇರಿ. ಮೌನೇಶ ಆಟೋದಲ್ಲಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ನಾನು ಚಂಪಾಬಾಯಿಯ ಚೀಲದಲ್ಲಿದ್ದೆ. ಮೇಜಿನ ಆಚೆ ಮೂವರು. ನಡುವೆ ಬೆಂಗಳೂರು ಕಡೆಯ ಒಬ್ಬ ಅಧಿಕಾರಿ ಹೆಣ್ಣುಮಗಳು, ಬಲಕ್ಕೆ ಗುಮಾಸ್ತ, ಎಡಕ್ಕೆ ಅರ್ಜುನಸಾ ಎಂಬ ಮುದುಕ, ಹಿಂದೆ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿದವರು. ಅವರಿಗೂ ಈಕೆಗೂ ಪರಿಚಯವಿರಲಿಲ್ಲ, ಬೇರೆ ಬೇರೆ ಕಂಪನಿ. ಟಿವಿಗೆ ತಂತಿ ಸಿಕ್ಕಿಸಿದ್ದಾಯಿತು. ಚಂಪಾಬಾಯಿ ಗೋಡೆಯ ಬದಿಯ ಬೆಂಚಿನ ತುದಿಯಲ್ಲಿ ಕೂತಳು. ಆಕೆ ಆ ಸಿನಿಮಾ ನೋಡಿರಲೇ ಇಲ್ಲ. ಚಿತ್ರ ಬಿಡುಗಡೆಯಾದಾಗ ನಾಟಕ ಕಂಪನಿಯ ಜೊತೆ ಎಲ್ಲೋ ಕ್ಯಾಂಪಿನಲ್ಲಿದ್ದಳಂತೆ.

ಮೌನೇಶ ನನ್ನನ್ನು ತಳ್ಳಿದ. ಯಂತ್ರ ನನ್ನನ್ನು ಎಳೆದುಕೊಂಡು ಉರುಳೆಗೆ ಸುತ್ತಿತು. ಕಿರ್ ಎಂದಿತು. ಚಿತ್ರ ಬಂತು, ಒಡೆಯಿತು, ಮಸುಕಾಯಿತು. ಮೌನೇಶ ನಿಲ್ಲಿಸಿ, ಮುಚ್ಚಳ ತೆಗೆದು, ಉರುಳೆಗೆ ಮೆತ್ತಿದ ಬೂಷ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಮತ್ತೆ ಹಾಕಿದ. ಗುಮಾಸ್ತ ಗಡಿಯಾರ ನೋಡಿದ. ಹಸಿರು ಮುಖವಾಡ ತೆರೆಯ ಮೇಲೆ ಬಂತು, ಡಾಕ್ಟರ್ ಹಿಂದೆ ಹಿಂದೆ ಸರಿದ, ರಬ್ಬರಿನ ಕೈಗಳು ಮುಖವಾಡಕ್ಕೆ ಹೋದವು. ಚಂಪಾಬಾಯಿ ಕುತ್ತಿಗೆ ಮುಂದೆ ಚಾಚಿದಳು.

ಮುಖವಾಡ ಕಳಚಿತು. ಬಿಳಿ ಚುಕ್ಕೆಗಳು. ಬರೀ ಬಿಳಿ ಚುಕ್ಕೆಗಳು, ಅಡ್ಡಡ್ಡ ಗೆರೆಗಳು.

ಮೌನೇಶ ಕೈಯಲ್ಲಿದ್ದ ಸ್ಪಿರಿಟ್ಟಿನ ಬಟ್ಟೆಯನ್ನು ಕೆಳಗಿಟ್ಟ. ಅದು ಬೂಷ್ಟಿನ ಕೆಲಸವಲ್ಲ, ಪಾಜಿನ ಕೆಲಸ ಎಂದು ಆ ಕೋಣೆಯಲ್ಲಿ ತಿಳಿದದ್ದು ಅವನಿಗೆ ಮತ್ತು ನನಗೆ. ನಾಚಿಕೆಯಿಂದ ಅಲ್ಲೇ ಹರಿದುಹೋಗಲೇ ಎನಿಸಿತು.

ಆದರೆ ದನಿ ಬಂತು. ಮುಖದ ಚಿಂತೆಯಲ್ಲಿ ಅದು ಉಳಿದಿರುವುದನ್ನು ನಾನೇ ಮರೆತಿದ್ದೆ ನೋಡಿ. ಚಿತ್ರವಿರುವುದು ನನ್ನ ಮೈಯ ನಡುವೆ, ದನಿ ಇರುವುದು ಅಂಚಿನ ಒಂದು ಸಣ್ಣ ಪಟ್ಟಿಯಲ್ಲಿ, ಅದನ್ನು ಓದುವುದು ತಿರುಗದೆ ಕೂತ ಬೇರೆಯೇ ಒಂದು ಹೆಡ್ಡು. ಉರುಳೆ ಎಷ್ಟು ಉಜ್ಜಿದರೂ ಅಂಚಿಗೆ ಏನೂ ಆಗಿರಲಿಲ್ಲ. ಬಿಳಿ ಚುಕ್ಕೆಗಳ ಹಿಂದಿನಿಂದ ಒಂದು ಹೆಣ್ಣುದನಿ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಹೇಳಿತು: "ನನ್ನ ಹೆಸರು ನನಗೆ ಕೊಟ್ಟುಬಿಡು, ಡಾಕ್ಟರ್. ಅದೊಂದೇ ಸಾಕು. ಈ ಭೂಮಿಯನ್ನು ನೀನೇ ಇಟ್ಟುಕೋ."

ಮೌನೇಶ ಯಂತ್ರ ನಿಲ್ಲಿಸಿದ. ಅಧಿಕಾರಿ ಪಾಪದ ದನಿಯಲ್ಲಿ, ಮುಖ ಕಾಣದೆ ನಾವು ಏನು ಮಾಡುವುದು ಎಂದರು. ಗುಮಾಸ್ತ ಫೈಲು ಮುಚ್ಚಲು ಕೈ ಹಾಕಿದ. ಚಂಪಾಬಾಯಿ ತಲೆ ತಗ್ಗಿಸಿ ಕೂತಿದ್ದಳು. ಅರ್ಜುನಸಾ ಮಾತ್ರ ಕಣ್ಣು ಮುಚ್ಚಿದ್ದರು. ಕಣ್ಣು ತೆರೆಯದೆಯೇ, "ಇನ್ನೊಮ್ಮೆ ಹಾಕ್ರಿ," ಎಂದರು. "ಬಾಯಾರ, ನೀವೂ ಅದರ ಜೋಡಿ ಅನ್ರಿ."

ಇನ್ನೊಮ್ಮೆ ಎಂದರೆ ಹಿಂದಕ್ಕೆ ಸುತ್ತಬೇಕು, ಮತ್ತೆ ಓಡಬೇಕು. ಮೌನೇಶ ನನ್ನನ್ನು ನೋಡಿದ. ಆರುನೂರರಲ್ಲಿ ಅವನು ರೇಷ್ಮೆಯಲ್ಲಿ ಸುತ್ತಿಟ್ಟದ್ದು ನನ್ನೊಬ್ಬನನ್ನೇ. ಹರಿದರೆ ಹರಿಯಲಿ, ಒತ್ತಪ್ಪಾ ಎಂದೆ ನಾನು. ಕೇಳಿಸಿತೋ ಇಲ್ಲವೋ, ಒತ್ತಿದ.

ಚಂಪಾಬಾಯಿ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಬೆನ್ನು ನೆಟ್ಟಗಾಯಿತು. ಬಿಳಿ ಚುಕ್ಕೆಗಳು ಬಂದವು. ನನ್ನಿಂದ ಒಂದು ದನಿ, ಗೋಡೆಯ ಬದಿಯಿಂದ ಒಂದು ದನಿ. ಇಪ್ಪತ್ತಾರು ವರ್ಷದಲ್ಲಿ ಆಕೆಯದು ದಪ್ಪವಾಗಿತ್ತು, ನನ್ನದು ತೆಳ್ಳಗೆ. ಆದರೂ ಎರಡೂ ಒಂದೇ ಕಡೆ ಏರಿದವು, ಒಂದೇ ಕಡೆ ತಗ್ಗಿದವು. "ಅದೊಂದೇ ಸಾಕು" ಎಂದ ಮೇಲೆ ಆಕೆ ಮೂಗಿನಲ್ಲಿ ಒಂದು ಚಿಕ್ಕ ಉಸಿರೆಳೆದಳು, ಅಳುವೋ ನಗುವೋ ತಿಳಿಯದಂಥದ್ದು. ನನ್ನೊಳಗಿನವಳೂ ಅದೇ ಕ್ಷಣಕ್ಕೆ ಅದೇ ಉಸಿರೆಳೆದಳು. ಡಾಕ್ಟರ್ ಅಳಲು ಶುರುಮಾಡುವಷ್ಟರಲ್ಲಿ ನಾನು ಪಟ್ಟನೆ ಹರಿದೆ.

ಯಂತ್ರ ಖಾಲಿ ತಿರುಗುತ್ತಿತ್ತು. ಅರ್ಜುನಸಾ ಅಧಿಕಾರಿಯ ಕಡೆ ತಿರುಗಿದರು. "ಮಾತು ಯಾರರ ಬಾಯಿಪಾಠ ಮಾಡ್ಯಾರ್ರೀ ಮೇಡಂ. ಆ ಉಸಿರು ಕಲಿಯಾಕ ಬರಂಗಿಲ್ಲ."

ಅಧಿಕಾರಿ ಗುಮಾಸ್ತನ ಕೈಯಿಂದ ಫೈಲು ತೆಗೆದುಕೊಂಡು ಪೆನ್ನು ತೆರೆದರು.

"ಅಮ್ಮಾ, ನಿಮ್ಮ ಪೂರ್ತಿ ಹೆಸರು ಹೇಳಿ. ಬರ್ಕೊತೀನಿ."

"ಚಂಪಾಬಾಯಿ ಯಮನಪ್ಪ ಕೆರೂರ," ಎಂದಳು. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಈಗ ನಾನು ಬೆಟಗೇರಿಯಲ್ಲಿದ್ದೇನೆ. ಮೌನೇಶ ನನ್ನ ಹರಿದ ತುದಿಗಳನ್ನು ಅಂಟಿಸಲಿಲ್ಲ, ಹಾಗೆಯೇ ಸುತ್ತಿ ತಂದು ಆಕೆಗೆ ಕೊಟ್ಟುಬಿಟ್ಟ. ನಾನೇ ನೋಡಿ ನೋಡಿ ಅಳಿಸಿದೆ, ತಪ್ಪಾತ್ರಿ ಅಕ್ಕಾರ ಎಂದು ತಪ್ಪೊಪ್ಪಿಕೊಂಡ. ಅಷ್ಟು ನೋಡಿದೆಯಾ ಎಂದು ಕೇಳಿ ಆಕೆ ಬಹಳ ಹೊತ್ತು ನಕ್ಕಳು. ಆ ನಗು ಕೇಳಿ ನನ್ನ ಎದೆಯ ಭಾರವೂ ಒಂದಿಷ್ಟು ಇಳಿಯಿತು. ಕಚೇರಿಯ ಆದೇಶದ ಕಾಗದ ಗೋಡೆಯ ಗೂಡಿನಲ್ಲಿದೆ, ಅದು ಗಾಳಿಗೆ ಹಾರದಂತೆ ಮೇಲೆ ನನ್ನನ್ನು ಇಟ್ಟಿದ್ದಾಳೆ. ಇನ್ನು ನಾನು ಓಡುವುದಿಲ್ಲ. ಲೋಕದಲ್ಲಿ ಹತ್ತನೇ ಗ್ರಹ ಇಲ್ಲವಾಯಿತು. ಹನ್ನೊಂದು ದಿನ ದುಡಿದ ಬಡಪಾಯಿಗಳನ್ನು ನೆನೆದರೆ ಸಂಕಟವೂ ಆಗುತ್ತದೆ.

ಮುಂಜಾನೆ ಗೂಡು ಒರೆಸುವಾಗ ಆಕೆ ನನ್ನನ್ನೆತ್ತಿ ನನ್ನ ಕಿಟಕಿಯೊಳಗೆ ಇಣುಕಿ, "ಒಟ್ಟ ನನ್ನ ಗುರುತ ಹಿಡೀಲಿಲ್ಲ ನೋಡು ನೀ," ಎಂದು ಚೇಷ್ಟೆ ಮಾಡುತ್ತಾಳೆ. ದಿನವೂ ಅದೇ ಮಾತು, ದಿನವೂ ನನ್ನದು ಅದೇ ಉತ್ತರ. ಹಿಡಿದಿದ್ದೆ ತಾಯಿ. ಮೌನೇಶನ ಮನೆಯ ಮೆಟ್ಟಿಲು ಹತ್ತುತ್ತ, ಪತ್ತಾರರು ಇದ್ದಾರೇನು ಎಂದು ನೀನು ಕೇಳಿದೆಯಲ್ಲ, ಆ ದನಿ ಕೇಳಿ ಆಗಲೇ ಹಿಡಿದಿದ್ದೆ.